ಬೂದುಗುಂಬಳದ ಪಾಸ್ತಾ

‘ನನಗೆ ಗೊತ್ತಿಲ್ಲ’ ಎಂಬ ಮಾತು ಆವಲಪ್ಪನವರ ಬಾಯಿಂದ ಐವತ್ತೆಂಟು ವರ್ಷಗಳಲ್ಲಿ ಒಮ್ಮೆಯೂ ಹೊರಬಿದ್ದಿರಲಿಲ್ಲ. ಕೊಡಿಗೇಹಳ್ಳಿಯ ಮುಖ್ಯರಸ್ತೆಯಲ್ಲಿ ಅವರದೊಂದು ಹಾರ್ಡ್‌ವೇರ್ ಅಂಗಡಿ. ಗಿರಾಕಿ ಬಂದು ನಲ್ಲಿ ಸೋರುತ್ತಿದೆ ಎಂದರೆ ಸಾಕು, ನಲ್ಲಿಯನ್ನು ನೋಡುವ ಮೊದಲೇ ವಾಷರ್ ಅವರ ಕೈಯಲ್ಲಿರುತ್ತಿತ್ತು. ಅದು ಹೊಂದುತ್ತಿರಲಿಲ್ಲ ಎಂಬುದು ಬೇರೆ ಮಾತು. ಗಿರಾಕಿ ವಾಪಸು ತಂದರೆ ತಪ್ಪು ನಲ್ಲಿಯದು.

ಇಂಥ ಆವಲಪ್ಪನವರು ಒಂದು ಭಾನುವಾರ ಪಾಸ್ತಾ ಮಾಡಲು ಹೊರಟರು. ಅದಕ್ಕೆ ಕಾರಣವಿತ್ತು.

ಮಗ ಚನ್ನುವಿಗೆ ಮದುವೆಯಾಗಿ ನಾಲ್ಕು ತಿಂಗಳಾಗಿತ್ತು. ಸೊಸೆ ಮೋನಿಕಾ ಆರ್.ಟಿ. ನಗರದ ಹುಡುಗಿ. ನಾಗಸಂದ್ರದ ಕಡೆ ಒಂದು ರಕ್ತಪರೀಕ್ಷೆಯ ಲ್ಯಾಬಿನಲ್ಲಿ ಕೆಲಸ, ಬೆಳಿಗ್ಗೆ ಏಳೂವರೆಗೆಲ್ಲ ಅಲ್ಲಿರಬೇಕು. ಹೆಣ್ಣುಮಕ್ಕಳಿಲ್ಲದ ಆವಲಪ್ಪನವರಿಗೆ ಆ ಹುಡುಗಿ ಮನೆಯಲ್ಲಿ ಓಡಾಡುವುದನ್ನು ನೋಡುವುದೇ ಒಂದು ಸಂತೋಷ. ಅವಳು ‘ಮಾವ’ ಎಂದು ಕರೆದರೆ ಎರಡು ಸಲ ‘ಏನಮ್ಮ’ ಎನ್ನುತ್ತಿದ್ದರು. ಹೀಗಿರುವಾಗ ಹತ್ತು ದಿನದ ಹಿಂದೆ ಚನ್ನು ಫೋನಿನಿಂದ ತಲೆಯೆತ್ತದೆ, “ಅಪ್ಪ, ನಾಗಸಂದ್ರದಲ್ಲಿ ಒಂದು ಬಾಡಿಗೆ ಮನೆ ನೋಡಿದೀವಿ. ಮುಂದಿನ ಭಾನುವಾರ ಸಾಯಂಕಾಲ ಬ್ರೋಕರ್ ಅಗ್ರಿಮೆಂಟ್ ತರ್ತಾರೆ. ಇವಳಿಗೆ ಇಲ್ಲಿ ಸ್ವಲ್ಪ ಕಷ್ಟ ಆಗ್ತಿದೆ,” ಎಂದ.

ಏನು ಕಷ್ಟ ಎಂದು ಯಾವ ತಂದೆಯಾದರೂ ಕೇಳುತ್ತಿದ್ದ. ಆದರೆ ಕೇಳುವುದೆಂದರೆ ಗೊತ್ತಿಲ್ಲ ಎಂದು ಒಪ್ಪಿಕೊಂಡಂತೆ. ಆವಲಪ್ಪನವರು, “ಗೊತ್ತು ಬಿಡು,” ಎಂದು ಎದ್ದುಹೋದರು. ಅಂದಿನಿಂದ ಅವರಿಗೆ ಕೂತಲ್ಲಿ ಕೂರಲಾಗಲಿಲ್ಲ, ನಿಂತಲ್ಲಿ ನಿಲ್ಲಲಾಗಲಿಲ್ಲ. ಅಂಗಡಿಯಲ್ಲಿ ಮೊಳೆ ಕೇಳಿದವರಿಗೆ ಸ್ಕ್ರೂ ಕೊಟ್ಟರು, ಸ್ಕ್ರೂ ಕೇಳಿದವರಿಗೆ ಬುದ್ಧಿವಾದ ಕೊಟ್ಟರು.

ಮೂರನೆಯ ದಿನ ಕಷ್ಟದ ಮೂಲ ಅವರಿಗೆ ಕಸದ ಬುಟ್ಟಿಯಲ್ಲಿ ಸಿಕ್ಕಿತು. ಬೆಳಿಗ್ಗೆ ಕಸದ ಆಟೋಗೆ ಬುಟ್ಟಿ ಸುರಿಯುವುದು ಅವರ ಕೆಲಸ. ಅದರಲ್ಲಿ ಹೋಟೆಲಿನಿಂದ ತರಿಸಿದ ಪಾಸ್ತಾ ಡಬ್ಬಿ, ಮೇಲೆ ಮೋನಿಕಾಳ ಹೆಸರಿನ ಚೀಟಿ. ಕೆದಕಿ ನೋಡಿದರೆ ಇನ್ನೊಂದು. ವಾರದಲ್ಲಿ ನಾಲ್ಕು ಡಬ್ಬಿ. ಅಂಗಡಿ ಮುಚ್ಚಿ ಬಂದು ಎಲ್ಲರ ಊಟ ಮುಗಿದ ಮೇಲೆ ಒಬ್ಬರೇ ಉಣ್ಣುವ ಆವಲಪ್ಪನವರಿಗೆ, ಮನೆಯಲ್ಲಿ ಯಾರು ಏನು ತಿನ್ನುತ್ತಾರೆಂಬುದು ತಿಳಿಯುತ್ತಿದ್ದುದೇ ಹೀಗೆ. ಅವರು ಒಂದೇ ಕ್ಷಣದಲ್ಲಿ ತೀರ್ಪು ಕೊಟ್ಟರು: ಹುಡುಗಿಗೆ ಮುದ್ದೆ ಒಗ್ಗುತ್ತಿಲ್ಲ. ಪಾಸ್ತಾ ಸಿಗುವ ಮನೆಗೆ ಹೋಗುತ್ತಿದ್ದಾಳೆ. ಹಾಗಾದರೆ ಪಾಸ್ತಾ ಈ ಮನೆಯಲ್ಲೇ ಸಿಗಬೇಕು.

ಅಡ್ಡಿ ಎಂದರೆ ಮೈದಾ. ಆವಲಪ್ಪನವರ ಸಕ್ಕರೆ ಕಾಯಿಲೆ ನೋಡುವ ಡಾಕ್ಟರು ಮೈದಾವನ್ನು ಮನೆಯೊಳಗೆ ಬಿಡಬೇಡಿ ಎಂದಿದ್ದರು, ಹೆಂಡತಿ ರಮಾ ಅದನ್ನು ಅಕ್ಷರಶಃ ಪಾಲಿಸುತ್ತಿದ್ದರು. ಇದಕ್ಕೂ ಫೋನಿನಲ್ಲಿ ಪರಿಹಾರ ಸಿಕ್ಕಿತು. ಜುಕಿನಿ ಎಂಬ ತರಕಾರಿಯನ್ನು ಉದ್ದುದ್ದಕ್ಕೆ ಎಳೆ ತೆಗೆದು ಬೇಯಿಸಿದರೆ ಅದೇ ಪಾಸ್ತಾ ಆಗುತ್ತದಂತೆ. ಮೈದಾ ಇಲ್ಲ, ಸಕ್ಕರೆ ಏರುವುದಿಲ್ಲ.

ಈ ಸಂಶೋಧನೆಯೆಲ್ಲ ನಡೆದದ್ದು ಬಚ್ಚಲುಮನೆಯಲ್ಲಿ. ಅರ್ಧ ಕೊಡಿಗೇಹಳ್ಳಿಗೆ ಕಮೋಡು ಮಾರಿದ ಆ ಮಹಾಶಯರ ಮನೆಯಲ್ಲಿ ಬಚ್ಚಲು, ಕಕ್ಕಸು ಎಲ್ಲ ಸೇರಿ ಒಂದೇ ಕೋಣೆ. ಬೆಳಿಗ್ಗೆ ಆರಕ್ಕೆ ಪೇಪರ್ ಹಿಡಿದು ಒಳಗೆ ಹೋದರೆ ಹೊರಬರುವಾಗ ಆರೂ ಮುಕ್ಕಾಲು. ಈಗ ಪೇಪರಿಗೆ ಫೋನೂ ಸೇರಿ ಏಳು ಹೊಡೆಯತೊಡಗಿತು. ಹೊರಗೆ ಯಾರಾದರೂ ಬಾಗಿಲು ಬಡಿದರೆ “ಬಂದೆ, ಬಂದೆ,” ಎಂದು ಇನ್ನೊಂದು ವಿಡಿಯೋ ಹಾಕಿಕೊಳ್ಳುತ್ತಿದ್ದರು. ಸೊಸೆಗಾಗಿ ಬೆಳಗಾಗೆದ್ದು ಇಷ್ಟು ಕಷ್ಟಪಡುವ ಮಾವ ಹೆಬ್ಬಾಳದಿಂದ ಯಲಹಂಕದವರೆಗೆ ಹುಡುಕಿದರೂ ಸಿಗಲಾರ ಎಂದು ಅವರಿಗೆ ಅಲ್ಲೇ ಕೂತು ಕಣ್ಣು ತುಂಬಿ ಬರುತ್ತಿತ್ತು.

ಶನಿವಾರ ರಾತ್ರಿ ಘೋಷಣೆಯಾಯಿತು. “ನಾಳೆ ಅಂಗಡಿ ರಜ. ಅಡುಗೆ ನನ್ನದು. ತರಕಾರಿ ಪಾಸ್ತಾ. ಆ ಬ್ರೋಕರ್‌ಗೂ ಇಲ್ಲೇ ಊಟ.”

“ಹಾಲು ಕಾಯಿಸೋಕೆ ಇಟ್ಟು ಉಕ್ಕಿಸೋರು ನೀವು,” ಎಂದರು ರಮಾ. “ಪಾಸ್ತಾ ಮಾಡ್ತೀರಾ?”

“ಪಾಸ್ತಾ ಏನು ಮಹಾ. ಶ್ಯಾವಿಗೆಯ ದಾಯಾದಿ. ನೀನು ಅಡುಗೆಮನೆ ಕಡೆ ತಲೆ ಹಾಕಬೇಡ, ಅಷ್ಟು ಸಾಕು.”

ಭಾನುವಾರ ಮಧ್ಯಾಹ್ನ ಅವರು ಹೆಬ್ಬಾಳದ ಒಂದು ದೊಡ್ಡ ಅಂಗಡಿಗೆ ಹೋದರು. ಅಲ್ಲಿ ಹಸಿರು ಬಣ್ಣದ ಉದ್ದನೆಯ ಕಾಯಿಗಳ ಎರಡು ರಾಶಿ ಅಕ್ಕಪಕ್ಕ ಇದ್ದವು. ಒಂದು ಜುಕಿನಿ, ಇನ್ನೊಂದು ಸೌತೆಕಾಯಿ. “ಏನ್ ಬೇಕು ಸರ್?” ಎಂದು ಅಂಗಡಿಯ ಹುಡುಗಿ ಕೇಳಿದಳು. “ಗೊತ್ತು, ಗೊತ್ತು,” ಎಂದ ಆವಲಪ್ಪನವರು ಹೆಚ್ಚು ಉದ್ದವಾಗಿದ್ದ ರಾಶಿಯಿಂದ ಆರು ಆರಿಸಿಕೊಂಡರು. ಬಿಲ್ಲಿನಲ್ಲಿ ಸೌತೆಕಾಯಿ ಎಂದೇ ಇತ್ತು. ಆದರೆ ಬಿಲ್ಲು ಓದುವುದು ಅವರ ಜಾಯಮಾನವಲ್ಲ. ಬರುವ ದಾರಿಯಲ್ಲಿ ತಮ್ಮ ಅಂಗಡಿಯ ಬಾಗಿಲು ತೆಗೆದು, ಬಡಗಿಗಳು ಹಲಗೆ ನುಣುಪು ಮಾಡುವ ಹೊಸ ಉಜ್ಜುಗೊರಡೊಂದನ್ನು ಡಬ್ಬಿ ಸಮೇತ ತಂದರು. ವಿಡಿಯೋದಲ್ಲಿ ಎಳೆ ತೆಗೆಯಲು ಯಾವುದೋ ಪುಟ್ಟ ಯಂತ್ರ ಬಳಸಿದ್ದರು. ಹಾರ್ಡ್‌ವೇರ್ ಅಂಗಡಿಯವನಿಗೆ ಅಂಥದ್ದೆಲ್ಲ ಯಾಕೆ?

ಹಿತ್ತಲಿನ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕಾಯಿಟ್ಟು ಉಜ್ಜತೊಡಗಿದಾಗ ಆರು ಗಂಟೆ. ಆ ಸದ್ದಿಗೆ ಪಕ್ಕದ ಮನೆಯ ಕನೀಜ್ ಗೋಡೆಯ ಮೇಲಿಂದ ಇಣುಕಿದರು. ಎರಡು ಮನೆಗೂ ಮೂವತ್ತು ವರ್ಷದ ಒಡನಾಟ.

“ಏನ್ ಭಾಯ್, ಸೌತೆಕಾಯಲ್ಲಿ ಕಿಟಕಿ ಮಾಡ್ತಾ ಇದೀರಾ?”

“ಇದು ಸೌತೆಕಾಯಿ ಅಲ್ಲ ಕನೀಜಮ್ಮ. ಜುಕಿನಿ. ಫಾರಿನ್ನು.”

ಕನೀಜ್ ಕೈ ಚಾಚಿ ಒಂದು ಚೂರು ತೆಗೆದುಕೊಂಡು ಬಾಯಿಗೆ ಹಾಕಿಕೊಂಡರು. ಸಾವಧಾನವಾಗಿ ಅಗಿದರು. “ಹೌದು. ಫಾರಿನ್ ಸೌತೆಕಾಯಿ,” ಎಂದರು. ಆಮೇಲೆ, “ಸೊಸೆಗೆ ಅಂತ ಮಾಡ್ತಾ ಇದೀರಂತೆ. ಒಳ್ಳೆ ಹುಡುಗಿ ಭಾಯ್. ದಿನಾ ಬೆಳಿಗ್ಗೆ ನೋಡ್ತೀನಲ್ಲ. ನೀವು ಅವಳನ್ನ ಒಂದು ಮಾತು ಕೇಳ್ಬೇಕಿತ್ತು,” ಎಂದರು.

“ಕೇಳೋದೇನು, ಎಲ್ಲ ಗೊತ್ತು,” ಎಂದು ಆವಲಪ್ಪನವರು ಇನ್ನಷ್ಟು ಜೋರಾಗಿ ಉಜ್ಜಿದರು.

ಬಾಣಲೆಗೆ ಹಾಕಿದ ಐದೇ ನಿಮಿಷಕ್ಕೆ ಆರು ಸೌತೆಕಾಯಿಗಳೂ ನೀರಾದವು. ಮೇಲೆ ನಾಲ್ಕು ಎಳೆ ತೇಲುತ್ತಿದ್ದವು. ಸೋಸಿದರೆ ಅವೂ ಕಾಣಲಿಲ್ಲ. ಗಂಟೆ ಆರೂ ಮುಕ್ಕಾಲು. ಬ್ರೋಕರ್ ಏಳೂವರೆಗೆ ಬರುವವನು. ಆವಲಪ್ಪನವರು ಅಡುಗೆಮನೆಯಿಂದ ಹಿತ್ತಲಿಗೆ, ಹಿತ್ತಲಿನಿಂದ ಅಂಗಳಕ್ಕೆ ಅಂಡು ಸುಟ್ಟ ಬೆಕ್ಕಿನ ಹಾಗೆ ಓಡಾಡಿದರು. ಮೂರನೆಯ ಸುತ್ತಿನಲ್ಲಿ ಗೇಟಿನ ಹೊರಗೆ, ಮೆಟ್ಟಿಲ ಪಕ್ಕದಲ್ಲಿ, ಅವರಿಗೆ ದೇವರೇ ಕಳುಹಿಸಿದಂತೆ ಒಂದು ಬೂದುಗುಂಬಳಕಾಯಿ ಕಂಡಿತು.

ಎದುರು ಮನೆಯ ಮುನಿಯಣ್ಣನ ತಾರಸಿಯಲ್ಲಿ ಕುಂಬಳದ ಬಳ್ಳಿಯಿತ್ತು. ಕಾಯಿ ಬಿಟ್ಟಾಗಲೆಲ್ಲ ಅವನು ಕೂಗಿ ಹೇಳದೆ ಒಂದೊಂದು ಕಾಯಿಯನ್ನು ಗೇಟಿನ ಬಳಿ ಇಟ್ಟುಹೋಗುವುದು ವಾಡಿಕೆ. ಇದೂ ಹಾಗೇ ಎಂದುಕೊಂಡರು. ತುದಿಯಲ್ಲಿ ಕಪ್ಪಗೆ ಸುಟ್ಟ ಕಲೆಯಿತ್ತು. ಬಿಸಿಲು ಜಾಸ್ತಿಯಾಗಿರಬೇಕು ಎಂದುಕೊಂಡು, ಕಾಯನ್ನು ಹೆಗಲಿಗೇರಿಸಿ ಒಳಗೆ ತಂದರು.

ಓದುಗರಿಗೆ ಇಲ್ಲೊಂದು ವಿಷಯ ಹೇಳಿಬಿಡಬೇಕು. ಆವಲಪ್ಪನವರಿಗೆ ಹೇಳಲು ಆಗ ಹತ್ತಿರ ಯಾರೂ ಇರಲಿಲ್ಲ. ಅವರು ಹೆಬ್ಬಾಳದಿಂದ ಮರಳುವ ಸ್ವಲ್ಪ ಮೊದಲು, ಎಂಬತ್ತೆರಡು ವರ್ಷದ ಅವರ ತಾಯಿ ನಾರಾಯಣಮ್ಮ ಮೊಮ್ಮಗನನ್ನೂ ಅವನ ಹೆಂಡತಿಯನ್ನೂ ಬಾಗಿಲಲ್ಲಿ ನಿಲ್ಲಿಸಿ ದೃಷ್ಟಿ ತೆಗೆದಿದ್ದರು. ಆ ಕುಂಬಳಕಾಯಿಯ ಮೇಲೆ ಕರ್ಪೂರ ಹಚ್ಚಿ, ಮೂರು ಸಲ ನಿವಾಳಿಸಿ, “ಊರೋರ ಕಣ್ಣು, ಕೇರಿಯೋರ ಕಣ್ಣು, ಮನೆ ಬಿಡಿಸೋ ಕಣ್ಣು, ಎಲ್ಲ ಇದ್ರಾಗೆ ಸೇರ್ಕೊಳ್ಳಲಿ,” ಎಂದು ಗೇಟಿನಾಚೆ ಇರಿಸಿದ್ದರು. ದೀಪ ಹಚ್ಚಿದ ಮೇಲೆ ಮುನಿಯಣ್ಣ ಬಂದು ಅದನ್ನು ಮೂರು ದಾರಿ ಕೂಡುವಲ್ಲಿ ಒಡೆಯಬೇಕು. ಒಡೆಯುವವರೆಗೂ ಯಾರೂ ಅದನ್ನು ಮುಟ್ಟಬಾರದು, ಒಳಗಂತೂ ತರಲೇಬಾರದು. ಆವಲಪ್ಪನವರು ಅದನ್ನು ಒಳಗೆ ತಂದು, ತೊಳೆದು, ಹೋಳು ಮಾಡಿ, ಉಜ್ಜುಗೊರಡಿಗೆ ಕೊಟ್ಟರು.

ಕುಂಬಳಕಾಯಿ ಮರದ ಸಿಪ್ಪೆಯಂತೆ ಸುರುಳಿ ಸುರುಳಿಯಾಗಿ ಬಂತು. ಗೋಡೆಯಾಚೆಯಿಂದ ಕನೀಜ್, “ಉಪ್ಪು ಹಾಕಿ ಹತ್ತು ನಿಮಿಷ ಬಿಟ್ಟು ಹಿಂಡಿ ಭಾಯ್, ಇಲ್ದಿದ್ರೆ ಇದೂ ನೀರಾಗುತ್ತೆ,” ಎಂದು ಸಲಹೆ ಕೊಟ್ಟರು. ಸಲಹೆ ಸ್ವೀಕರಿಸುವುದು ಅವರ ಸ್ವಭಾವವಲ್ಲ, ಆದರೂ, “ನಾನೂ ಅದನ್ನೇ ಮಾಡೋನಿದ್ದೆ,” ಎಂದು ಹಿಂಡಿದರು. ಟೊಮೆಟೊ, ಬೆಳ್ಳುಳ್ಳಿ, ಒಣಮೆಣಸು ರುಬ್ಬಿ ಕುದಿಸಿದರು. ಯಾಕೋ ಸಪ್ಪೆ ಎನಿಸಿ ಒಂದು ಚಮಚ ಸಾರಿನ ಪುಡಿ ಹಾಕಿದರು. ಉಪ್ಪು ನೋಡುವ ನೆಪದಲ್ಲಿ ಎರಡು ಬಟ್ಟಲು ತಿಂದೂ ಬಿಟ್ಟರು.

ಏಳೂವರೆಗೆ ಬ್ರೋಕರ್ ಮುಕ್ತಾರ್ ಕಂಕುಳಲ್ಲಿ ಕಾಗದಪತ್ರಗಳ ಚೀಲ ಇಟ್ಟುಕೊಂಡು ಬಂದ. ತೋರಿಸಿದ್ದನ್ನೆಲ್ಲ ಹೊಗಳುವುದು ಅವನ ಕಸುಬು. ಆವಲಪ್ಪನವರು ಎದುರಿಗೆ ತಟ್ಟೆ ಇಡುತ್ತಿದ್ದಂತೆ, “ಸೂಪರ್ ಸಾರ್, ವೆಂಟಿಲೇಷನ್ ಚೆನ್ನಾಗಿದೆ,” ಎಂದು ತಿನ್ನಲು ಶುರುಮಾಡಿದ. ಸಲಹೆಗಾರ್ತಿಯೆಂಬ ಗೌರವಕ್ಕೆ ಕನೀಜ್ ಅವರನ್ನೂ ಕರೆಯಲಾಗಿತ್ತು. ರಮಾ ಒಂದು ಎಳೆಯನ್ನು ಬೆರಳಲ್ಲಿ ಎತ್ತಿ ಬೆಳಕಿಗೆ ಹಿಡಿದು ನೋಡಿದರು. ಚನ್ನು ಹಸಿವಿಲ್ಲ ಎಂದ. ನಾರಾಯಣಮ್ಮ ಕುರ್ಚಿಯಲ್ಲಿ ಕೂತು, ತಮಗೆ ಮುದ್ದೆಯೇ ಆಗಬೇಕೆಂದು ಮೊದಲೇ ಹೇಳಿಯಾಗಿತ್ತು. ಆವಲಪ್ಪನವರ ಕಣ್ಣೆಲ್ಲ ಮೋನಿಕಾಳ ತಟ್ಟೆಯ ಮೇಲೆ. ಅವಳು ಒಂದು ತುತ್ತು ಬಾಯಿಗಿಟ್ಟುಕೊಂಡಳು.

ಅಷ್ಟರಲ್ಲಿ ಮುನಿಯಣ್ಣ ಬಾಗಿಲಲ್ಲಿ ಕಾಣಿಸಿಕೊಂಡ. ದೃಷ್ಟಿಕಾಯಿ ಒಡೆಯುವ ದಿನ ಅವನು ಚಪ್ಪಲಿ ಮೆಟ್ಟುತ್ತಿರಲಿಲ್ಲ. ಅಷ್ಟು ಶ್ರದ್ಧೆಯ ಮನುಷ್ಯ.

“ಎಲ್ಲಮ್ಮೋ ಕಾಯಿ?” ಎಂದ ನಾರಾಯಣಮ್ಮನವರನ್ನು ನೋಡಿ. “ಗೇಟ್ ತಾವ ಇಲ್ಲ. ಮೋರಿ ಒಳಗೂ ನೋಡ್ದೆ.”

“ನಾನೇ ಮಡಗಿದ್ನಲ್ಲೋ.”

“ಆಂಗಾದ್ರೆ ಯಾವನೋ ಎತ್ಕಂಡೋಗವ್ನೆ. ದೃಷ್ಟಿ ತೆಗೆದ ಕಾಯಿ ಕದಿಯೋ ಕಾಲ ಬಂತಲ್ಲಮ್ಮ ಕೊಡಿಗೇಹಳ್ಳಿಗೆ. ಆ ಕುಂಬಳಕಾಯಿ ಕಳ್ಳ ಯಾರು ಅಂತ ಗೊತ್ತಾಗಲಿ, ಆಮ್ಯಾಕೆ ಐತೆ.”

ಆವಲಪ್ಪನವರ ಕೈ ತಾನಾಗಿಯೇ ಮೇಲೆದ್ದು ಅವರ ಬಲ ಹೆಗಲನ್ನು ಮುಟ್ಟಿತು. ಎಲ್ಲರೂ ಆ ಹೆಗಲನ್ನು ನೋಡಿದರು. ಕಡುನೀಲಿ ಅಂಗಿಯ ಮೇಲೆ ಅಂಗೈ ಅಗಲ ಬಿಳಿ ಬೂದಿ ಮೆತ್ತಿಕೊಂಡಿತ್ತು. ಗಾದೆ ಕಟ್ಟಿದ ಪುಣ್ಯಾತ್ಮ ಯಾರೋ ತಿಳಿಯದು, ಅವನೂ ಇದೇ ಬೀದಿಯವನಿರಬೇಕು.

ಮುನಿಯಣ್ಣ ಹೆಗಲಿನಿಂದ ತಟ್ಟೆಗೆ, ತಟ್ಟೆಯಿಂದ ಬಾಣಲೆಗೆ ದೃಷ್ಟಿ ಹಾಯಿಸಿದ. “ಆವಲಪ್ಪ,” ಎಂದ ಮೆಲ್ಲಗೆ, “ಬೇಯಿಸಿಬಿಟ್ಯೇನಪ್ಪ?”

ಮುಕ್ತಾರ್ ಎರಡನೆಯ ತಟ್ಟೆಯ ಮಧ್ಯದಲ್ಲಿದ್ದ. ಬಾಯಿ ಅಲ್ಲಾಡಿಸುವುದನ್ನು ನಿಲ್ಲಿಸಿದ. ಕನೀಜ್ ತಟ್ಟೆಯನ್ನು ದೂರ ಸರಿಸಿ, “ತೋಬಾ, ತೋಬಾ. ನಮ್ಮಲ್ಲೂ ನಜರ್ ತೆಗೀತಾರೆ ಭಾಯ್, ಒಣಮೆಣಸಿನಕಾಯಲ್ಲಿ. ಒಲೆಗೆ ಹಾಕಿ ಸುಟ್ಟುಬಿಡ್ತೀವಿ. ಅದರಲ್ಲಿ ಯಾರೂ ಪಾಸ್ತಾ ಮಾಡಲ್ಲ,” ಎಂದರು. ರಮಾ ತಲೆಯ ಮೇಲೆ ಕೈಹೊತ್ತು, “ನಲವತ್ತು ರೂಪಾಯಿಗೆ ಕಾಯಿಪಲ್ಯ ಸಿಗೋ ಊರಲ್ಲಿ, ಬೀದಿಗೆ ಇಟ್ಟಿದ್ದೇ ಬೇಕಿತ್ತಾ ನಿಮಗೆ,” ಎಂದರು.

ಎಲ್ಲರೂ ನಾರಾಯಣಮ್ಮನವರ ತೀರ್ಪಿಗೆ ಕಾದರು. ಇಂಥ ವಿಷಯಗಳಲ್ಲಿ ಅವರದೇ ಕೊನೆಯ ಮಾತು. ಆದರೆ ದೃಷ್ಟಿ ತೆಗೆದ ಕಾಯನ್ನು ತಿಂದವರನ್ನು ಅವರೂ ಎಂಬತ್ತೆರಡು ವರ್ಷದಲ್ಲಿ ನೋಡಿರಲಿಲ್ಲ. ಸ್ವಲ್ಪ ಹೊತ್ತು ಯೋಚಿಸಿದರು.

“ಮನೆ ಬಿಡಿಸೋ ಕಣ್ಣು ಅದ್ರಾಗಿತ್ತು,” ಎಂದರು. “ಈಗ ತಿಂದೋರ ಒಟ್ಟೆಗೆ ಓಗೈತೆ. ತಿಂದೋರು ಮನೆ ಬಿಡ್ತಾರೆ. ಜಾಸ್ತಿ ತಿಂದೋರು ಮೊದ್ಲು ಬಿಡ್ತಾರೆ.”

“ಅಜ್ಜಿ, ನಾನು ಒಂದೂವರೆ ಪ್ಲೇಟ್ ತಿಂದಿದೀನಿ,” ಎಂದ ಮುಕ್ತಾರ್ ಗಾಬರಿಯಿಂದ. “ನಾನು ಯಾವ ಮನೆ ಬಿಡಬೇಕು?”

“ಮೊದ್ಲು ಈ ಮನೆ ಬಿಡಪ್ಪ,” ಎಂದರು ನಾರಾಯಣಮ್ಮ.

ಆವಲಪ್ಪನವರಿಗೆ ತಾಯಿಯ ತೀರ್ಪಿನ ಆಚೆಗೆ ಏನೂ ಕೇಳಿಸಲಿಲ್ಲ. ಅವರಿಗೆ ಕಂಡದ್ದು ಮೋನಿಕಾ ಮಾತ್ರ. ಬಾಯೊಳಗಿನ ತುತ್ತನ್ನು ನುಂಗಲೂ ಆಗದೆ ಉಗಿಯಲೂ ಆಗದೆ ಅವಳು ಕೂತಿದ್ದಳು. ಅವಳು ಇರಲಿ ಎಂದು ಮಾಡಿದ ಅಡುಗೆಯೇ ಅವಳನ್ನು ಕಳುಹಿಸುವುದೆಂದರೇನು! ಅವರು ಥಟ್ಟನೆ ಅವಳ ತಟ್ಟೆಯನ್ನು ಎಳೆದುಕೊಂಡು ನಿಂತಲ್ಲೇ ತಿನ್ನಲು ಶುರುಮಾಡಿದರು. ಅದು ಮುಗಿಯಿತು. ಮುಕ್ತಾರ್‌ನ ತಟ್ಟೆ ಕಿತ್ತುಕೊಂಡರು. ಕನೀಜರದು, ರಮಾ ಅವರದು. ಆಮೇಲೆ ಬಾಣಲೆಯನ್ನೇ ಕೈಗೆತ್ತಿಕೊಂಡರು.

“ರೀ, ಏನ್ರೀ ಇದು,” ಎಂದು ರಮಾ ಎದ್ದರು.

“ಯಾರೂ ತಿನ್ನಬೇಡಿ,” ಎಂದರು ಆವಲಪ್ಪನವರು, ಬಾಯಿ ತುಂಬ ಕುಂಬಳಕಾಯಿ. “ಎಲ್ಲ ನಾನೇ ತಿಂತೀನಿ. ಮನೆ ಬಿಡೋದಾದ್ರೆ ನಾನು ಬಿಡ್ತೀನಿ. ಅಂಗಡೀಲಿ ಮಲಗ್ತೀನಿ. ಆ ಹುಡುಗಿ ಇರಲಿ. ಮುದ್ದೆ ಬೇಡ ಅಂದ್ರೆ ದಿನಾ ಪಾಸ್ತಾ ಮಾಡಿ ಹಾಕ್ತೀನಿ ಕಣಮ್ಮ. ನೀನು ಹೋಗಬೇಡ.”

ಮೋನಿಕಾ ತುತ್ತನ್ನು ನುಂಗಿದಳು. ಅವಳ ಕಣ್ಣಲ್ಲಿ ನೀರಾಡಿತು, ಅದು ಒಣಮೆಣಸಿನದೂ ಇರಬಹುದು.

“ಮಾವ, ನನಗೆ ಮುದ್ದೆ ಬೇಡ ಅಂತ ಯಾರು ಹೇಳಿದ್ದು? ನಾನು ದಿನಾ ಅಜ್ಜಿ ಜೊತೆ ಮುದ್ದೆ ಊಟ ಮಾಡ್ತೀನಲ್ಲ.”

“ನನಗಿಂತ ಒಂದು ಜಾಸ್ತಿನೇ ಉಣ್ತಾಳೆ,” ಎಂದರು ನಾರಾಯಣಮ್ಮ ಮೆಚ್ಚುಗೆಯಿಂದ.

“ಕಸದ ಬುಟ್ಟೀಲಿ ವಾರಕ್ಕೆ ನಾಲ್ಕು ಪಾಸ್ತಾ ಡಬ್ಬಿ ನಾನೇ ನೋಡಿದೀನಿ,” ಎಂದರು ಆವಲಪ್ಪನವರು.

ಮೋನಿಕಾ ಗಂಡನ ಕಡೆ ನೋಡಿದಳು. ಚನ್ನು ಚಾವಣಿಯ ಫ್ಯಾನು ನೋಡಿದ. ಹುಟ್ಟಿದಾಗಿನಿಂದ ಮುದ್ದೆ ಉಂಡು ಬೆಳೆದ ಆ ವಂಶದ ಕುಡಿಯೇ ಹೆಂಡತಿಯ ಫೋನಿನಲ್ಲಿ ಪಾಸ್ತಾ ತರಿಸಿ, ಕೋಣೆಯ ಬಾಗಿಲು ಹಾಕಿಕೊಂಡು ತಿನ್ನುತ್ತಿತ್ತು.

“ಹಾಗಾದ್ರೆ ನಿನಗೆ ಏನಮ್ಮ ಕಷ್ಟ?” ಎಂದು ಆವಲಪ್ಪನವರು ಕೇಳಿದರು. ಜೀವಮಾನದಲ್ಲಿ ಅವರು ಕೇಳಿದ ಮೊದಲ ಪ್ರಶ್ನೆ ಇದೇ ಇರಬೇಕು. ರಮಾ ಅಚ್ಚರಿಯಿಂದ ಗಂಡನ ಮುಖ ನೋಡಿದರು.

ಮೋನಿಕಾ ಸೆರಗಿಲ್ಲದ ಚೂಡಿದಾರದ ಅಂಚನ್ನೇ ಬೆರಳಿಗೆ ಸುತ್ತಿಕೊಂಡಳು. “ಹೇಗೆ ಹೇಳಲಿ ಮಾವ. ನಾನು ಆರೂ ನಲವತ್ತಕ್ಕೆ ಮನೆ ಬಿಡಬೇಕು. ನೀವು ಆರಕ್ಕೆ ಒಳಗೆ ಹೋಗ್ತೀರ. ಮೊದಲು ಆರೂ ಮುಕ್ಕಾಲಿಗೆ ಬರ್ತಿದ್ರಿ, ಹೇಗೋ ಓಡಿಹೋಗಿ ಮೆಟ್ರೋ ಹಿಡೀತಿದ್ದೆ. ಈಗ ಒಂದು ವಾರದಿಂದ ಏಳಾದ್ರೂ ಬರಲ್ಲ. ಬಾಗಿಲು ತಟ್ಟಿದ್ರೆ ‘ಬಂದೆ ಬಂದೆ’ ಅಂತೀರ.”

“ದಿನಾ ನಮ್ಮ ಮನೇಲೇ ಸ್ನಾನ ಮಾಡಿ ಹೋಗ್ತಾಳೆ ಭಾಯ್,” ಎಂದರು ಕನೀಜ್. “ಅದಕ್ಕೇ ಒಂದು ಮಾತು ಕೇಳಿ ಅಂದಿದ್ದು.”

“ಬಕೀಟು ಇಡ್ಕಂಡು ಓಗೋದು ಬೀದಿಗೆಲ್ಲ ಕಾಣ್ತದಲ್ಲ ಆವಲಪ್ಪ,” ಎಂದ ಮುನಿಯಣ್ಣ. “ನೀರಿನ ಪೈಪ್ ಕೆಟ್ಟೈತೇನೋ ಅಂದ್ಕಂಡಿದ್ದೆ. ಆರ್ಡ್‌ವೇರ್ ಅಂಗಡಿಯೋರ ಮನೆ, ಕೇಳಿದ್ರೆ ಬೇಜಾರಾದೀತು ಅಂತ ಸುಮ್ನಿದ್ದೆ.”

ಆವಲಪ್ಪನವರು ಬಾಣಲೆಯನ್ನು ಕೆಳಗಿಟ್ಟರು. ಕಳೆದ ಒಂದು ವಾರ ತಾವು ಬಾಗಿಲು ಹಾಕಿಕೊಂಡು ನೋಡಿದ ವಿಡಿಯೋಗಳೆಲ್ಲ ಒಂದೊಂದಾಗಿ ಕಣ್ಣಮುಂದೆ ಬಂದವು. ಪ್ರತಿಯೊಂದರ ಕೊನೆಗೂ ಬಾಗಿಲು ಬಡಿಯುವ ಸದ್ದಿತ್ತು. ಅವರಿಗೆ ಬಹಳ ನಾಚಿಕೆಯಾಯಿತು.

“ಇದು ನನಗೆ ಗೊತ್ತಿರಲಿಲ್ಲ ಕಣಮ್ಮ,” ಎಂದರು.

ಆ ಮಾತು ಅವರ ಬಾಯಿಂದ ಬಂದದ್ದಕ್ಕೆ ಏಳು ಜನ ಸಾಕ್ಷಿಗಳಿದ್ದಾರೆ. ಮುಕ್ತಾರ್ ಅಗ್ರಿಮೆಂಟನ್ನು ಚೀಲದಿಂದ ಅರ್ಧ ತೆಗೆದು ಎಲ್ಲರ ಮುಖ ನೋಡಿದ. ಮೋನಿಕಾ, “ಒಂದು ವಾರ ನೋಡೋಣ ಅಂಕಲ್, ಆಮೇಲೆ ಫೋನ್ ಮಾಡ್ತೀನಿ,” ಎಂದಳು. ಅವನು ನಾರಾಯಣಮ್ಮನವರ ಕಡೆ ಒಂದು ಸಲ ಹೆದರಿಕೆಯಿಂದ ನೋಡಿ, ಎಲ್ಲರಿಗಿಂತ ಮೊದಲು ಮನೆ ಬಿಟ್ಟ.

“ಅದಿರಲಿ, ರುಚಿ ಹೇಗಿತ್ತಮ್ಮ?” ಎಂದು ಆವಲಪ್ಪನವರು ತಡೆಯಲಾರದೆ ಕೇಳಿದರು. ಅದು ಅವರ ಎರಡನೆಯ ಪ್ರಶ್ನೆ.

“ನಿಜ ಹೇಳ್ಲಾ ಮಾವ? ಮಜ್ಜಿಗೆಹುಳಿ ಮಾಡಿದ್ರೆ ಚೆನ್ನಾಗಿರ್ತಿತ್ತು.”

ಮಾರನೆಯ ದಿನ ಬೆಳಿಗ್ಗೆ ಮುನಿಯಣ್ಣ ಹೊಸ ಕುಂಬಳಕಾಯಿ ಹಿಡಿದು ಬಂದಾಗ ಇನ್ನೂ ಆರಾಗಿರಲಿಲ್ಲ. ಹಿಂದಿನ ದಿನದ ಕೆಲಸ ಅರ್ಧಕ್ಕೇ ನಿಂತದ್ದು ಅವನಿಗೆ ನಿದ್ದೆ ಕೊಟ್ಟಿರಲಿಲ್ಲ. ನಾರಾಯಣಮ್ಮ ಜಗಲಿಯ ಮೇಲೆ ಕೂತು ಕಾಫಿ ಕುಡಿಯುತ್ತಿದ್ದರು. ಒಳಗೆ ಬಚ್ಚಲಲ್ಲಿ ನೀರಿನ ಸದ್ದು, ಮೋನಿಕಾ ಗುನುಗುವ ಸದ್ದು.

ಅಷ್ಟರಲ್ಲಿ ಆವಲಪ್ಪನವರು ಹೊರಬಂದರು. ಹೆಗಲ ಮೇಲೆ ಟವಲು, ಒಂದು ಕೈಯಲ್ಲಿ ಪೇಪರು, ಇನ್ನೊಂದರಲ್ಲಿ ಬಕೀಟು. ಬಕೀಟಿನಲ್ಲಿ ಸೋಪು, ಬ್ರಷ್ಷು, ಬದಲಿ ಬಟ್ಟೆ. ಅಂಗಡಿಯ ಹಿಂದೆ ಒಂದು ಕಕ್ಕಸು, ಒಂದು ನಲ್ಲಿ ಇತ್ತು. ಅವರು ಯಾರ ಮುಖವನ್ನೂ ನೋಡದೆ ಗೇಟು ತೆಗೆದುಕೊಂಡು ಬಿರಬಿರನೆ ಮುಖ್ಯರಸ್ತೆಯ ಕಡೆ ನಡೆದರು.

ನಾರಾಯಣಮ್ಮ ಕಾಫಿಯ ಲೋಟವನ್ನು ಪಕ್ಕಕ್ಕಿಟ್ಟು ಮಗ ಹೋದ ದಾರಿಯನ್ನೇ ನೋಡಿದರು.

“ನಾನು ಏಳ್ನಿಲ್ವಾ ಮುನಿಯಣ್ಣ,” ಎಂದರು. “ಜಾಸ್ತಿ ತಿಂದೋನು ಮನೆ ಬಿಟ್ಟ ನೋಡು. ಆ ಕಾಯಿ ಅಡುಗೆಮನೇಲಿ ಮಡಗು, ಮಜ್ಜಿಗೆಹುಳಿಗೆ ಆಯ್ತದೆ.”